ಗಾಜಿನ ತಟ್ಟೆ ಬೆಳ್ಳಗಾಗೋದು ಕೊನೆಗೂ ನಿಂತಿದ್ದು ಹೆಂಗೆ: ನನ್ನ ಅನುಭವ

ಪಾತ್ರೆ ಬಾಡಿಗೆ, ಕೇಟರಿಂಗ್ ಮಾಡೋರಿಗೆ ಈ ಗೋಳು ಹೊಸದಲ್ಲ. ಗಾಜಿನ ತಟ್ಟೆ ತಂದ ಮೊದಲ ಸೀಸನ್ ಪಳಪಳ, ಎರಡನೇದಕ್ಕೆ ಪರವಾಗಿಲ್ಲ, ಮೂರನೇದಕ್ಕೆ ಹಾಲು ಸವರಿ ಒಣಗಿಸಿದಂಗೆ ಮಬ್ಬು. ನಾನು ದಾವಣಗೆರೆಯಲ್ಲಿ 600 ತಟ್ಟೆ ಇಟ್ಕೊಂಡಿದೀನಿ, ಅದ್ರಲ್ಲಿ 350 ಪಾರದರ್ಶಕದ್ದು, ಉಳಿದಿದ್ದು ಓಪಲ್, ಅಂದ್ರೆ ಹಾಲಿನ ಥರ ಬಿಳೇ ಗಾಜು. ತಂದಾಗ ಒಂದಕ್ಕೆ 90, 95 ರೂಪಾಯಿ ಬಿದ್ದಿತ್ತು, ಸಾಗಾಣಿಕೆ, ದಾರೀಲಿ ಒಡೆದಿದ್ದು ಎಲ್ಲಾ ಸೇರಿ 60 ಸಾವಿರದ ಹತ್ರ. ಬಾಡಿಗೆ ಆಗ ಒಂದಕ್ಕೆ 5 ರೂಪಾಯಿ. ಲೆಕ್ಕ ನೀವೇ ಹಾಕ್ಕೊಳ್ರಿ, ತಟ್ಟೆ ಮೂರು ವರ್ಷಕ್ಕೆ ಮುದಿಯಾದ್ರೆ ನಮ್ಗೆ ಉಳಿಯೋದೇನು.

ವಿದ್ಯಾನಗರದ ಕಡೆ ಒಂದು ನಿಶ್ಚಿತಾರ್ಥಕ್ಕೆ ಕೊಟ್ಟಿದ್ದೆ, ಹುಡುಗಿ ಅಪ್ಪ ಒಂದು ತಟ್ಟೆ ಎತ್ತಿ ಲೈಟಿಗೆ ಹಿಡಿದು "ಏನ್ರೀ, ಬೀಗರ ಮುಂದೆ ತೊಳೀದಿರೋ ತಟ್ಟೆ ಇಡಿಸ್ತೀರಲ್ರೀ" ಅಂದ್ರು. ಎರಡು ಸಲ ತೊಳೆದಿದ್ದು ಸ್ವಾಮಿ ಅಂದ್ರೆ ಯಾರು ಕೇಳ್ತಾರೆ, ಅರ್ಧ ಬಾಡಿಗೆ ಹಿಡ್ಕೊಂಡ್ರು. ಅವತ್ತಿಂದ ಹಠ ಹಿಡೀತು.

ಮೊದಲು ಮಾಡಿದ ತಪ್ಪು ಅಂದ್ರೆ ಅಕ್ಕಿ ಮಿಲ್ಲಿನ ಹೊಟ್ಟಿನ ಬೂದಿ. ನಮ್ ಕಡೆ ಮಿಲ್ಲಿಗೇನು ಬರ, ಬೂದಿ ಪುಕ್ಕಟೆ ಸಿಗ್ತದೆ, ಅಜ್ಜಿ ಕಾಲದಿಂದ ಕಂಚು ಹಿತ್ತಾಳೆ ತಿಕ್ಕಿದ್ದು ಅದ್ರಲ್ಲೇ ಅಂತ 40 ತಟ್ಟೆ ಗಸಗಸ ತಿಕ್ಕಿಸಿದೆ. ಮಬ್ಬು ಸ್ವಲ್ಪ ಹೋಯ್ತು, ಆದ್ರೆ ಬಿಸಿಲಿಗೆ ಹಿಡಿದ್ರೆ ತಟ್ಟೆ ತುಂಬ ಕೂದಲೆಳೆ ಗೀರು. ಹೊಟ್ಟಿನ ಬೂದಿ ಬಹುಪಾಲು ಸಿಲಿಕಾ, ಗಾಜಿನ ಮೂಲವಸ್ತುವೂ ಅದೇ, ಒಂದಕ್ಕೊಂದು ತಿಕ್ಕಿದ್ರೆ ಇನ್ನೇನಾಗ್ತದೆ. ಆಮೇಲೆ ಗೊತ್ತಾಗಿದ್ದು. ಪಾತ್ರೆ ಉಜ್ಜೋ ಸ್ಟೀಲ್ ಗುಂಗುರೂ ಅವತ್ತೇ ಬಿಟ್ಟೆ, ಅದು ಓಪಲ್ ತಟ್ಟೆ ಮೇಲೆ ಪೆನ್ಸಿಲ್ಲಲ್ಲಿ ಬರೆದಂಗೆ ಬೂದು ಗೆರೆ ಬಿಡ್ತದೆ. ಅದು ಗೀರಲ್ಲ, ಸ್ಟೀಲೇ ಸವೆದು ಅಂಟಿರೋದು, ಚಮಚದಿಂದಲೂ ಆಗ್ತದೆ. ಅದನ್ನ ತೆಗೆಯೋಕೆ ನಾನು ಏನ್ ಹಾಕ್ತೀನಿ ಅಂತ ಮಾತ್ರ ಕೇಳಬೇಡ್ರಿ, ಊರಲ್ಲಿ ಇನ್ನೂ ನಾಲ್ಕು ಜನ ಓಪಲ್ ಬಾಡಿಗೆ ಕೊಡೋರಿದಾರೆ.

ಎರಡನೇ ತಪ್ಪು ಇದಕ್ಕಿಂತ ದೊಡ್ಡದು. ಜಿಡ್ಡೇ ಇರಬೇಕು ಅಂದ್ಕೊಂಡೆ. ನಮ್ಮೂರು ಬೆಣ್ಣೆ ದೋಸೆ ಊರು, ಫಂಕ್ಷನ್ನಲ್ಲಿ ಲೈವ್ ದೋಸೆ ಕೌಂಟರ್ ಇದ್ರೆ ತಟ್ಟೆ ಮುಟ್ಟಿದ್ರೆ ಜಾರೋ ಅಷ್ಟು ಬೆಣ್ಣೆ. ಅದಕ್ಕೆ ಕುದಿಯೋ ನೀರಿಗೆ ವಾಷಿಂಗ್ ಸೋಡಾ ಕೈ ಬಿಚ್ಚಿ ಸುರಿದು ರಾತ್ರಿಯಿಡೀ ನೆನೆಸೋದು, ಒಂದು ಸೀಸನ್ ಪೂರ್ತಿ ಹಿಂಗೇ ಮಾಡಿದ್ವಿ. ಬಿಸಿ ಸೋಡಾ ನೀರು ಗಾಜಿನ ಮೈಯನ್ನೇ ತಿಂತದೆ. ಸುಮಾರು 90 ತಟ್ಟೆ ಹಂಗೆ ಹೋದ್ವು, ಅದಕ್ಕೆ ದೇವ್ರು ಬಂದ್ರೂ ಔಷಧಿ ಇಲ್ಲ. ಎಂಟೂವರೆ ಸಾವಿರ ಸೋಡಾ ಪಾಲು.

ಅದೇ ಟೈಮಲ್ಲಿ ಒಬ್ಬರು ಬಾತ್ರೂಮ್ ಆಸಿಡ್ ಹಾಕು ಅಂದಿದ್ರು. ಊಟದ ತಟ್ಟೆಗೆ! ಹಾಕಲಿಲ್ಲ, ಅದೊಂದು ಬುದ್ಧಿ ಇತ್ತು.

ಗುಟ್ಟು ಬಿಟ್ಕೊಟ್ಟಿದ್ದು ತಟ್ಟೆ ತೊಳೆಯೋಕೆ ಬರೋ ಅಕ್ಕ. ಒಂದಿನ ಬೋರ್ ಕೆಟ್ಟಿತ್ತು, ಅವತ್ತು ನಲ್ಲಿ ನೀರು ಬಂದಿತ್ತು, ಅದ್ರಲ್ಲೇ ತೊಳೆದ್ವಿ. ಅಕ್ಕ ಅಂದ್ಳು, "ಅಣ್ಣಾರೆ, ನಲ್ಲಿ ನೀರಲ್ಲಿ ತೊಳೆದಾಗ ಇಷ್ಟು ಬೆಳ್ಳಗಾಗಲ್ಲ ನೋಡ್ರಿ." ನಲ್ಲೀಲಿ ಬರೋದು ಕುಂದವಾಡ ಕೆರೆ ನೀರು, ಆ ಕೆರೆಗೆ ಬರೋದು ಭದ್ರಾ ನಾಲೆ ನೀರು. ನಮ್ಮ ಬೋರಿನದು ಸವಳು ನೀರು, ಗೀಸರ್ ಕಾಯಿಲ್ ಮೇಲೆ ಸುಣ್ಣ ಕಟ್ಟೋ ಜಾತಿ. ಇಷ್ಟು ದಿನ ಕೊಳೆ ಅಂತ ತಿಕ್ಕಿದ್ದೆಲ್ಲ ಸುಣ್ಣ! ತೊಳೆದಷ್ಟೂ ಜಾಸ್ತಿ ಆಗ್ತಿತ್ತು ಯಾಕಂದ್ರೆ ತೊಳೆಯೋದೇ ಅದನ್ನ ಹಚ್ಚೋ ಕೆಲಸ.

ಹಳೇ ಸುಣ್ಣ ಬಿಡಿಸೋಕೆ ನಿಂಬೆ ಉಪ್ಪು, ಅದೇ ಸಿಟ್ರಿಕ್ ಆಸಿಡ್. ಕಿಲೋ 150ರ ಆಸುಪಾಸು ಕೊಟ್ಟಂಗೆ ನೆನಪು. 40 ಲೀಟರ್ ಉಗುರುಬೆಚ್ಚಗಿನ ನೀರಿಗೆ ಒಂದೂಮುಕ್ಕಾಲು, ಎರಡು ಕಿಲೋ, ತಟ್ಟೆ ನಿಲ್ಲಿಸಿ ಇಪ್ಪತ್ತು ನಿಮಿಷ, ಆಮೇಲೆ ಮೆತ್ತನೆ ಸ್ಪಾಂಜು ಒಂದು ಸುತ್ತು. ಮೊದಲು ಜಿಡ್ಡು ಪೂರ್ತಿ ಹೋಗಿರಬೇಕು, ಇಲ್ಲಾಂದ್ರೆ ಹುಳಿ ಒಳಗೆ ಇಳಿಯಲ್ಲ. ಚಿನ್ನದ ಅಂಚು ಇರೋದನ್ನ ನಾನು ಮುಳುಗಿಸಲ್ಲ, ಬಟ್ಟೇಲಿ ಒರೆಸಿ ತಕ್ಷಣ ತೊಳೀತೀನಿ. ಯಾವ ತಟ್ಟೆ ಉಳೀತದೆ ಯಾವುದು ಇಲ್ಲ ಅಂತ ನೋಡೋಕೆ ಒಂದು ಮೂಲೆಗೆ ಹುಳಿ ನೀರು ನಾಲ್ಕು ಹನಿ ಬಿಟ್ಟು ಐದು ನಿಮಿಷ ಆದ್ಮೇಲೆ ತೊಳೆದು ಒಣಗಿಸಿ ನೋಡ್ರಿ. ಅಲ್ಲಿ ಕಿಟಕಿ ತೆಗೆದಂಗೆ ಕಂಡ್ರೆ ಸುಣ್ಣ, ಹಂಗೇ ಮಬ್ಬಿದ್ರೆ ಗಾಜೇ ಹೋಗಿದೆ. ಒದ್ದೆ ಇದ್ದಾಗ ನೋಡಿ ಖುಷಿ ಪಡಬೇಡ್ರಿ, ಒದ್ದೇಲಿ ಎಲ್ಲಾನೂ ಚೆನ್ನಾಗೇ ಕಾಣ್ತದೆ.

ಇಲ್ಲೊಂದು ಮರ್ಯಾದೆ ಹೋದ ಕಥೆ. ಟಬ್ ಇಟ್ಟಿದ್ದು ಹಿತ್ತಲ ಕಡಪ ಕಲ್ಲಿನ ಮೇಲೆ, ತಳ ಸೀಳಿ ಹುಳಿ ನೀರು ಸೋರ್ತಿತ್ತು, ನಾನು ನೋಡಿಲ್ಲ. ಕಡಪ ಅಂದ್ರೇನೇ ಸುಣ್ಣದಕಲ್ಲು, ಬುರುಬುರು ನೊರೆ ಬಂದು ಕರೀ ಕಲ್ಲು ಬೂದು ಆಗಿ ಕೂತಿದೆ. "ತಟ್ಟೆದು ತೆಗೆದು ನೆಲಕ್ಕೆ ಹಚ್ಚಿದ್ರಾ" ಅಂತ ನಮ್ಮನೆಯವಳು ಇವತ್ತಿಗೂ ಬಂದೋರಿಗೆಲ್ಲ ತೋರಿಸ್ತಾಳೆ.

ಅಸಲಿ ವಿಷ್ಯ ಕೊನೇ ನೀರು. ಬೋರ್ ನೀರಲ್ಲೇ ತೊಳೀರಿ, ಜಾಲಿಸ್ರಿ, ಆದ್ರೆ ಒಣಗೋಕೆ ಮುಂಚೆ ಕೊನೇ ಅದ್ದು ಮಾತ್ರ ಫಿಲ್ಟರ್ ನೀರಲ್ಲಿ. ಓಣಿ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ನಿಗೆ 20 ಲೀಟರ್ ಬರ್ತದೆ, 600 ತಟ್ಟೆಗೆ ನಾಲ್ಕೋ ಐದೋ ಕ್ಯಾನು. ಅಂದ್ರೆ 25 ರೂಪಾಯಿ! ಎರಡು ಟಬ್ಬು ಇಡ್ತೀನಿ, ಮೊದಲನೇದ್ರಲ್ಲಿ ಒಂದು ಸಲ, ಎರಡನೇದ್ರಲ್ಲಿ ಒಂದು ಸಲ ಅದ್ದಿ ಎತ್ತೋದು, ಮೊದಲನೇ ಟಬ್ಬಿನ ನೀರು ಹಳೇದಾದ್ರೆ ಚೆಲ್ಲಿ ಎರಡನೇದನ್ನ ಅದರ ಜಾಗಕ್ಕೆ. ತಮ್ಮ ನಕ್ಕ, "ಜಗಳೂರು ಕಡೆ ಜನಕ್ಕೆ ಕುಡಿಯೋಕಿಲ್ಲ, ನೀನು ತಟ್ಟೆಗೆ ಕುಡಿಸ್ತೀಯಲ್ಲ ಅಣ್ಣ" ಅಂತ. ಅಡುಗೆ ಭಟ್ಟರಂತೂ "ಯಜಮಾನ್ರೆ, ನೀರು ನೀರೇ, ಸೋಪು ಜಾಸ್ತಿ ಹಾಕ್ಸಿ" ಅಂದಿದ್ರು. ಈ ವರ್ಷ ಅವರೇ ತಮ್ಮ ಮನೆ ಫಂಕ್ಷನ್ನಿಗೆ ನನ್ನ ತಟ್ಟೆ ತರಿಸ್ಕೊಂಡ್ರು.

ಒರೆಸೋದು ಪೂರ್ತಿ ಬಿಟ್ಟೆ. ಬಟ್ಟೆ ಒಗೆದಿದ್ದೂ ಅದೇ ಬೋರ್ ನೀರಲ್ಲಿ ತಾನೆ. ಪಿ.ಬಿ. ರೋಡಿನ ವೆಲ್ಡಿಂಗ್ ಅಂಗಡೀಲಿ ನಾಲ್ಕು ಸ್ಟ್ಯಾಂಡ್ ಮಾಡಿಸಿ ಸರಳಿಗೆಲ್ಲ ಪೈಪ್ ತೊಡಿಸಿದೀನಿ, 3,200 ಆಯ್ತು, ತಟ್ಟೆ ನಿಂತ್ಕೊಂಡೇ ನೀರು ಇಳಿದು ಒಣಗ್ತಾವೆ. ಓರೆ ಎಷ್ಟು ಕೊಡಬೇಕು ಅನ್ನೋದ್ರಲ್ಲೂ ಒಂದು ಕೈಚಳಕ ಇದೆ, ಅದನ್ನ ನೀವೇ ಕಂಡ್ಕೊಳ್ರಿ.

ಸುಮ್ನಿರದೆ ಬೇರೇನೂ ಮಾಡಿ ನೋಡಿದೆ. ಮುಂಗಾರಲ್ಲಿ ಟೆರೇಸಿನ ಮಳೆ ನೀರು ಹಿಡಿದು ಅದ್ದಿದೆ, ಮೊದಲ ಮಳೆ ಬಿಟ್ಟು ಹಿಡಿದ್ರೆ ಫಿಲ್ಟರ್ ನೀರಿಗೆ ಏನೂ ಕಮ್ಮಿ ಇಲ್ಲ. ಅಳಿಯನ ಮೊಬೈಲ್ ಅಂಗಡಿ ಎ.ಸಿ. ಪೈಪಿನ ನೀರೂ ಹಿಡಿದು ನೋಡಿದೆ, ಒಂದು ಚುಕ್ಕಿ ಬಿಡಲ್ಲ, ಕನ್ನಡಿ. ಆದ್ರೆ ಆ ಪೈಪಲ್ಲಿರೋ ಲೋಳೆ, ಧೂಳು ನೋಡಿದ್ಮೇಲೆ ಊಟದ ತಟ್ಟೆಗೆ ಮನಸ್ಸು ಬರಲಿಲ್ಲ, ಈಗ ಅದು ವ್ಯಾನಿನ ಗಾಜಿಗೆ.

ಒಡೆಯೋದ್ರ ಬಗ್ಗೆ ಎರಡು ಮಾತು. ಬಿಸಿ ತಟ್ಟೆ ಸೀದಾ ತಣ್ಣೀರಿಗೆ ಹಾಕಬೇಡ್ರಿ, ಅದು ಗೊತ್ತಿರೋದೇ. ಟಫನ್ಡ್, ಅಂದ್ರೆ ಕಾಯಿಸಿ ಗಟ್ಟಿ ಮಾಡಿದ ಗಾಜಿನ ತಟ್ಟೆ ಅಂಚಲ್ಲಿ ಚೂರು ಎದ್ದಿದ್ರೆ ಮುಲಾಜಿಲ್ಲದೆ ಎಸೀರಿ, ನನ್ನದೊಂದು ಯಾರೂ ಮುಟ್ಟದೆ ರ‍್ಯಾಕಲ್ಲಿ ಕೂತಿದ್ದಂಗೇ ಪಟಾಕಿ ಥರ ಸಿಡಿದು ಗೋಡೌನ್ ತುಂಬ ಹರಳು. ಒಂದರೊಳಗೊಂದು ಕಚ್ಕೊಂಡ ಬಟ್ಟಲು ಆದ್ರೆ ಒಳಗಡೆ ತಣ್ಣೀರು ತುಂಬಿ ಹೊರಗಡೆ ಉಗುರುಬೆಚ್ಚಗಿನ ನೀರಲ್ಲಿಡ್ರಿ, ಎಳೆದಾಡಬೇಡ್ರಿ.

ಈಗ ಎರಡು ಸೀಸನ್ ಆಯ್ತು, ನಿಂಬೆ ಉಪ್ಪು ಮತ್ತೆ ಹಾಕಿದ್ದು ಒಂದೇ ಸಲ, ಅದೂ ಹುಡುಗ್ರು ಒಂದಿನ ಕ್ಯಾನ್ ತರೋಕೆ ಸೋಮಾರಿತನ ಮಾಡಿದ್ದಕ್ಕೆ. ಬಾಡಿಗೆ 7 ಮಾಡಿದೀನಿ, ಯಾರೂ ಜಗ್ಗಾಡಿಲ್ಲ. ಸೋಡಾ ತಿಂದ ಆ 90 ತಟ್ಟೆ ಮಾತ್ರ ಮನೇಲೇ ಐತೆ, ಸಂಜೆ ಮಂಡಕ್ಕಿ ಮಿರ್ಚಿ ತಿನ್ನೋಕೆ ಅವೇ.