ಪ್ಲಾನ್‌ನಲ್ಲಿ ದುಡ್ಡಿದೆ, ಸೈಕಾಲಜಿಸ್ಟ್ ಎಲ್ಲಿ?

ಡಿಸೆಂಬರ್ ರಜೆಗೆ ಮಗನನ್ನು ಕರೆದುಕೊಂಡು ಮುಳಬಾಗಿಲಿಗೆ ಬಂದರೆ ಒಂದು ಕೆಲಸ ಖಾತ್ರಿ. ಬೀದಿಯಲ್ಲಿ ಯಾರಾದರೊಬ್ಬರು ಫೋನನ್ನು ನನ್ನ ಕೈಗೆ ತುರುಕಿ, "ಒಂದ್ನಿಮಿಷ ನಮ್ಮ ಹುಡುಗಿ ಹತ್ರ ಮಾತಾಡಮ್ಮ, ಅವಳೂ ಆಸ್ಟ್ರೇಲಿಯಾದಲ್ಲೇ ಇರೋದು" ಅನ್ನುತ್ತಾರೆ. ಈ ಸಲ ಫೋನಿನಲ್ಲಿ ಸಿಕ್ಕವಳು ಸಿಡ್ನಿಯಲ್ಲಿರುವವಳು. ಮಗನಿಗೆ ಆರು ವರ್ಷ, ಆಟಿಸಂ. ಎನ್‌ಡಿಐಎಸ್ ಪ್ಲಾನ್, ಅಂದರೆ ಅಲ್ಲಿನ ಸರ್ಕಾರ ಅಂಗವಿಕಲರಿಗೆ ಕೊಡುವ ನೆರವಿನ ದುಡ್ಡಿನ ಲೆಕ್ಕ, ಬಂದಿದೆ. "ಅಕ್ಕಾ, ದುಡ್ಡು ಕೊಟ್ಟವ್ರೆ, ಸೈಕಾಲಜಿಸ್ಟ್ ಯಾರು ಅಂತ ಮಾತ್ರ ಯಾರೂ ಹೇಳ್ತಿಲ್ಲ" ಅಂದಳು. ಮುಕ್ಕಾಲು ಗಂಟೆ ಮಾತಾಡಿದೆವು. ಅವಳಿಗೆ ಹೇಳಿದ್ದನ್ನೇ ಸ್ವಲ್ಪ ಸರಿಮಾಡಿ ಬರೆದಿದ್ದೇನೆ.

ಯಾರೂ ಹೇಳುವುದಿಲ್ಲ ಅನ್ನುವುದು ನಿಜ. ಆ ವ್ಯವಸ್ಥೆ ಇರುವುದೇ ಹಾಗೆ. ಎನ್‌ಡಿಐಎಸ್, ಅಂದರೆ ಆಸ್ಟ್ರೇಲಿಯಾದ ರಾಷ್ಟ್ರೀಯ ಅಂಗವಿಕಲತೆ ವಿಮಾ ಯೋಜನೆ, 2013ರ ಕಾಯ್ದೆಯಿಂದ ಹುಟ್ಟಿದ್ದು. ಸರ್ಕಾರ ನಿಮ್ಮ ಹೆಸರಿಗೆ ದುಡ್ಡು ಎತ್ತಿಡುತ್ತದೆ, ಯಾರ ಹತ್ತಿರ ಹೋಗಬೇಕು ಅನ್ನುವುದನ್ನು ನಿಮಗೇ ಬಿಡುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ, ಯಾವ ರೂಮಿಗೆ ಕಳಿಸಿದರೆ ಆ ರೂಮಿಗೆ ಹೋಗಿ ಅಭ್ಯಾಸವಾದ ನಮಗೆ ಈ ಸ್ವಾತಂತ್ರ್ಯವೇ ತಲೆನೋವು.

ಇದು ಯಾರಿಗೆ ಸಿಗುತ್ತದೆ ಅನ್ನುವುದನ್ನು ಬೇಗ ಮುಗಿಸುತ್ತೇನೆ. ಪೌರತ್ವ ಅಥವಾ ಪಿಆರ್ (ಕಾಯಂ ವಾಸದ ಅನುಮತಿ) ಬೇಕು. 482 ಎಂಬ ಕೆಲಸದ ವೀಸಾದಲ್ಲೋ ಸ್ಟೂಡೆಂಟ್ ವೀಸಾದಲ್ಲೋ ಇರುವವರಿಗೆ ಇಲ್ಲ. ಅರ್ಜಿ ಹಾಕುವಾಗ ವಯಸ್ಸು 65ಕ್ಕಿಂತ ಕಡಿಮೆ ಇರಬೇಕು. ಅಪ್ಪ ಅಮ್ಮನನ್ನು ಕರೆಸಿಕೊಂಡ ಮೇಲೆ ನೋಡೋಣ ಅಂದುಕೊಂಡವರು ಇದನ್ನು ಗಮನಿಸಿ. ನಿಮ್ಮ ಸಂಬಳ ಎಷ್ಟು ಎಂದು ಕೇಳುವುದಿಲ್ಲ. ಕಾಯಿಲೆಯೋ ನ್ಯೂನತೆಯೋ ಏನೆಂದು ಗುರುತಿಸುವ ಪರೀಕ್ಷೆಗೆ ಎನ್‌ಡಿಐಎಸ್ ದುಡ್ಡು ಕೊಡುವುದಿಲ್ಲ, ಅದು ಆರೋಗ್ಯ ಇಲಾಖೆಯ ಪಾಲಿನದು. ಒಂಬತ್ತು ವರ್ಷದೊಳಗಿನ ಮಕ್ಕಳಿಗೆ ಬೇರೆ ಬಾಗಿಲು, ಅರ್ಲಿ ಚೈಲ್ಡ್‌ಹುಡ್ ಪಾರ್ಟ್‌ನರ್ ಎಂಬವರ ಮೂಲಕ ಹೋಗಬೇಕು.

ನಮ್ಮವರು ಎಡವುವುದು ಇಲ್ಲಿಂದ ಮುಂದೆ. ನಮ್ಮೂರಲ್ಲಿ ಅಂಗವಿಕಲತೆಯನ್ನು ಅಳೆಯುವುದು ಶೇಕಡಾ ಲೆಕ್ಕದಲ್ಲಿ. ಕೋಲಾರದ ಜಿಲ್ಲಾಸ್ಪತ್ರೆಗೆ ಹೋಗಿ ವೈದ್ಯರ ಎದುರು ಕೂತು, 2016ರ ಕಾಯ್ದೆಯ ಪ್ರಕಾರ ಶೇ. 40 ದಾಟಿತೋ ಇಲ್ಲವೋ ಎಂದು ನೋಡಿಸಿಕೊಂಡು, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಮಾಡಿಸುತ್ತೇವೆ. ಆಸ್ಟ್ರೇಲಿಯಾದಲ್ಲಿ ಶೇಕಡಾ ಕೇಳುವವರಿಲ್ಲ. ದಿನ ಬೆಳಗಾದರೆ ಏನು ಮಾಡಲು ಆಗುತ್ತಿಲ್ಲ, ಯಾರು ಕೈ ಹಿಡಿಯಬೇಕು, ಎಷ್ಟು ಹೊತ್ತು, ಇಷ್ಟೇ ಪ್ರಶ್ನೆ. ನಿಮ್ಹಾನ್ಸ್‌ನಲ್ಲಿ ಮಾಡಿಸಿದ ಹಳೆಯ ರಿಪೋರ್ಟ್ ಇದ್ದರೆ ಜೋಪಾನವಾಗಿ ತನ್ನಿ, ಮಗುವಿನ ಹಿನ್ನೆಲೆ ಹೇಳಲು ಉಪಯೋಗಕ್ಕೆ ಬರುತ್ತದೆ. ಆದರೆ ಈ ಪ್ರಶ್ನೆಗೆ ಉತ್ತರ ಅದರಲ್ಲಿ ಇರುವುದಿಲ್ಲ.

ಉತ್ತರ ಕೊಡಬೇಕಾದವರು ನಾವು, ಮತ್ತು ನಾವು ಸುಳ್ಳು ಹೇಳುತ್ತೇವೆ. ನಮ್ಮ ಮೊದಲ ಪ್ಲಾನ್ ಮೀಟಿಂಗ್ ದಿನ ಅತ್ತೆ ಮೆಲ್ಬರ್ನ್‌ನಲ್ಲೇ ಇದ್ದರು. ಮೀಟಿಂಗಿಗೆ ಬಂದ ಹೆಂಗಸು, ಮೊಮ್ಮಗ ಹೇಗಿದ್ದಾನೆ ಎಂದು ಕೇಳಿದಳು. "ಬಂಗಾರದಂಥ ಮಗು. ತಾನೇ ಊಟ ಮಾಡ್ತಾನೆ, ತಾನೇ ಬಟ್ಟೆ ಹಾಕ್ಕೋತಾನೆ" ಅಂದರು ಅತ್ತೆ. ನಾನೂ ಹೆಮ್ಮೆಯಿಂದ ಅದನ್ನೇ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಆಗ ಅವನು ಊಟ ಮಾಡುತ್ತಿದ್ದದ್ದು ಒಂದೇ ಸ್ಟೀಲ್ ತಟ್ಟೆಯಲ್ಲಿ, ಬರೀ ಮೊಸರನ್ನ. ತಟ್ಟೆ ಬದಲಾದರೆ ಆ ಹೊತ್ತು ಉಪವಾಸ. ಅಂಗಿ ತೊಡಲು ನಲವತ್ತು ನಿಮಿಷ. ಹೊರಗಿನವರ ಮುಂದೆ ಮನೆ ಮಗುವನ್ನು ಬಿಟ್ಟುಕೊಡಬಾರದು ಎಂಬ ಮಾತು ನಮ್ಮ ರಕ್ತದಲ್ಲೇ ಇದೆ. ಆ ವರ್ಷದ ಪ್ಲಾನ್‌ನಲ್ಲಿ ಥೆರಪಿಗೆ ಬಂದ ದುಡ್ಡು ದೀಪಾವಳಿಯವರೆಗೂ ಸಾಲಲಿಲ್ಲ.

ಹಾಗಾಗಿ ಸೈಕಾಲಜಿಸ್ಟ್ ಹುಡುಕುವ ಮೊದಲು ಎರಡು ವಾರ ಡೈರಿ ಬರೆಯಿರಿ. ಚೆನ್ನಾಗಿ ಕಳೆದ ದಿನಕ್ಕಿಂತ ಕೆಟ್ಟ ದಿನವನ್ನು ಹೆಚ್ಚು ಬರೆಯಿರಿ. ನನ್ನ ಪುಸ್ತಕದ ಒಂದು ಸಾಲು ಹೀಗಿದೆ: "ಬೆಳಿಗ್ಗೆ 7.10, ಹಲ್ಲುಜ್ಜಲು ಪಕ್ಕದಲ್ಲಿ ನಿಂತು ಹನ್ನೊಂದು ಸಲ ಹೇಳಿದೆ. 7.50, ಸಾಕ್ಸ್ ಹೊಲಿಗೆ ಚುಚ್ಚುತ್ತದೆ ಎಂದು ಎರಡು ಜೊತೆ ಬಿಸಾಡಿದ, ಬಸ್ ತಪ್ಪಿತು." ಈ ಡೈರಿಯೇ ಆಮೇಲೆ ಸೈಕಾಲಜಿಸ್ಟ್ ಕೈಗೂ ಹೋಗುತ್ತದೆ. "ಮಗನಿಗೆ ಆಟಿಸಂ, ಏನಾದರೂ ಮಾಡಿ" ಎಂದು ಹೋದರೆ ಅವರೂ ಏನಾದರೂ ಮಾಡುತ್ತಾರೆ. "ಬೆಳಗಿನ ಒಂದು ಗಂಟೆ ದಾಟಿಸಿಕೊಡಿ" ಎಂದರೆ ಕೆಲಸ ಶುರುವಾಗುತ್ತದೆ.

ಈಗ ಹುಡುಕಾಟ. ಸೈಕಾಲಜಿಸ್ಟ್ ಎಂಬ ಹೆಸರನ್ನು ಅಲ್ಲಿ ಯಾರು ಬೇಕಾದರೂ ಹಾಕಿಕೊಳ್ಳುವಂತಿಲ್ಲ, ಅದಕ್ಕೆ ಕಾನೂನಿನ ಕಾವಲಿದೆ. ಕೌನ್ಸೆಲರ್ ಎಂಬ ಬೋರ್ಡಿಗೆ ಆ ಕಾವಲಿಲ್ಲ. ಆಪ್ರಾ ಎಂಬ ಸಂಸ್ಥೆಯ ಪಟ್ಟಿಯಲ್ಲಿ ಹೆಸರು ಹಾಕಿ ನೋಡಿದರೆ ನೋಂದಣಿ ಇದೆಯೇ, ಏನಾದರೂ ಷರತ್ತು ಹಾಕಿದ್ದಾರೆಯೇ ಎಂದು ಪುಕ್ಕಟೆಯಾಗಿ ತಿಳಿಯುತ್ತದೆ. 'ಕ್ಲಿನಿಕಲ್', 'ಎಜುಕೇಶನಲ್ ಅಂಡ್ ಡೆವಲಪ್‌ಮೆಂಟಲ್' ಎಂಬ ವಿಶೇಷ ಮಾನ್ಯತೆಯೂ ಅಲ್ಲೇ ಕಾಣುತ್ತದೆ. ಶಾಲೆ, ಕಲಿಕೆಯ ತೊಂದರೆ ಇರುವ ಮಕ್ಕಳಿಗೆ ಎರಡನೆಯವರನ್ನು ನಾನು ಮೊದಲು ನೋಡುತ್ತೇನೆ. ಕ್ಲಿನಿಕಲ್ ಅಂದಾಕ್ಷಣ ದೊಡ್ಡವರು ಎಂದೇನಿಲ್ಲ. ಆಸ್ಟ್ರೇಲಿಯನ್ ಸೈಕಲಾಜಿಕಲ್ ಸೊಸೈಟಿಯ ಹುಡುಕಾಟದ ಪುಟದಲ್ಲಿ ಊರು, ತೊಂದರೆ, ಭಾಷೆ ಹಾಕಿ ಸೋಸಬಹುದು. ಜಿಪಿ ಎಂಬ ಮನೆ ಡಾಕ್ಟರು, ಶಾಲೆಯವರು, ಪ್ಲಾನ್‌ನಲ್ಲಿ ಸಪೋರ್ಟ್ ಕೋಆರ್ಡಿನೇಟರ್‌ಗೆ (ಸೇವೆಗಳನ್ನು ಹುಡುಕಿ ಜೋಡಿಸಿಕೊಡುವವರಿಗೆ) ದುಡ್ಡಿದ್ದರೆ ಅವರು, ಎಲ್ಲರನ್ನೂ ಕೇಳಿ. ಸರದಿ ಉದ್ದ ಇರುತ್ತದೆ. ಮೂರ್ನಾಲ್ಕು ಕಡೆ ಒಟ್ಟಿಗೇ ಹೆಸರು ಬರೆಸಿ, ಅದರಲ್ಲಿ ಸಂಕೋಚ ಬೇಡ.

ಭಾಷೆಯ ವಿಷಯ ನನಗೆ ಪೆಟ್ಟು ಕೊಟ್ಟು ಕಲಿಸಿದ್ದು. ಮುಳಬಾಗಿಲಿನ ಮನೆಗಳು ಹೇಗೆಂದು ನಿಮಗೆ ಗೊತ್ತು: ಅಜ್ಜಿ ತೆಲುಗು, ಅಪ್ಪ ಕನ್ನಡ, ಟಿವಿ ಎರಡೂ. ನಾವು ಮೊದಲು ಹೋದ ಸೈಕಾಲಜಿಸ್ಟ್ ಚಿತ್ರದ ಕಾರ್ಡುಗಳನ್ನು ತೋರಿಸಿ ಹೆಸರು ಕೇಳುತ್ತಿದ್ದರು. ಮೊಟ್ಟೆಯ ಚಿತ್ರಕ್ಕೆ ಮಗ "ಗುಡ್ಡು" ಅಂದ, ಅಜ್ಜಿಯ ತೆಲುಗು. ನಾಯಿಗೆ ಕನ್ನಡದ "ನಾಯಿ"ಯೇ. ಬಸ್ಸಿಗೆ ಮಾತ್ರ ಬಸ್. ಮೂರರಲ್ಲಿ ಒಂದಕ್ಕೆ ಮಾತ್ರ ಸರಿ ಗುರುತು ಬಿತ್ತು. ನಾನು ಬಾಯಿ ಬಿಡಲಿಲ್ಲ, ದೊಡ್ಡವರು, ಓದಿದವರು ಎಂದು. ಆರು ಭೇಟಿ ಹೀಗೇ ಮುಗಿದವು. ಎರಡನೆಯವರು ಮೊದಲ ಫೋನಿನಲ್ಲೇ "ಮನೆಯಲ್ಲಿ ಯಾರು ಯಾವ ಭಾಷೆ ಆಡುತ್ತೀರಿ?" ಎಂದು ಕೇಳಿ ಬರೆದುಕೊಂಡರು. ಅವರಿಗೆ ಕನ್ನಡದ ಗಂಧವೂ ಇಲ್ಲ, ಗ್ರೀಕ್ ಮನೆತನದವರು. ಈಗಲೂ ಅವರ ಹತ್ತಿರವೇ ಹೋಗುತ್ತೇವೆ.

ಕನ್ನಡ ಬಲ್ಲವರೇ ಬೇಕು ಎಂಬ ಹಟವೂ ಅಷ್ಟು ಸರಿಯಲ್ಲ. ಶಾಲೆಗೆ ಹೋಗುವ ಮಕ್ಕಳು ಹೇಗೂ ಇಂಗ್ಲಿಷಿಗೆ ಜಾರುತ್ತಾರೆ. ದೊಡ್ಡವರಿಗಾದರೆ ಮಾತು ಬೇರೆ, ದುಃಖ ಇಂಗ್ಲಿಷಿನಲ್ಲಿ ಹೊರಗೆ ಬರುವುದಿಲ್ಲ. ಆದರೆ ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಪಕ್ಕದ ಕುರ್ಚಿಗೆ ಬರುವವರೇ ಸೈಕಾಲಜಿಸ್ಟ್ ಆದರೆ ಕಷ್ಟ. ಪರಿಚಯ ಮತ್ತು ಚಿಕಿತ್ಸೆ ಎರಡನ್ನೂ ಬೆರೆಸದಂತೆ ದೂರ ಇಡಬೇಕೆಂದು ಅವರ ವೃತ್ತಿನಿಯಮವೇ ಹೇಳುತ್ತದೆ. "ಇಂಡಿಯನ್ ಇದಾರೆ" ಎಂದು ಹಿಂದಿಯವರನ್ನು ತೋರಿಸಿದರೆ, ನಿಮಗೆ ಹಿಂದಿ ಬರುತ್ತದೆಯೋ ಇಲ್ಲವೋ ನೋಡಿಕೊಂಡು ತಲೆಯಾಡಿಸಿ.

ದುಡ್ಡಿನ ಲೆಕ್ಕ. ಸೈಕಾಲಜಿಸ್ಟ್ ಶುಲ್ಕ ಸಾಮಾನ್ಯವಾಗಿ 'ಇಂಪ್ರೂವ್ಡ್ ಡೈಲಿ ಲಿವಿಂಗ್' ಎಂಬ ತಲೆಬರಹದ ಹಣದಿಂದ ಹೋಗುತ್ತದೆ. 2025ರ ಜುಲೈಯಲ್ಲಿ ಎನ್‌ಡಿಐಎಸ್ ಗಂಟೆಗೆ ಇಟ್ಟ ಮಿತಿ 232.99 ಡಾಲರ್. ಐದು ಸಾವಿರ ಡಾಲರ್ ಇದ್ದರೆ ಇಪ್ಪತ್ತೊಂದು ಗಂಟೆ ಅಂದುಕೊಳ್ಳುತ್ತೀರಿ. ಆದರೆ ರಿಪೋರ್ಟ್ ಬರೆಯುವುದಕ್ಕೂ ಶಾಲೆಯವರ ಜೊತೆ ಮಾತಾಡುವುದಕ್ಕೂ ಗಂಟೆ ಲೆಕ್ಕ ಓಡುತ್ತದೆ. ನಾಲ್ಕು ಗಂಟೆಯ ಒಂದು ರಿಪೋರ್ಟ್ ಅಂದರೆ 932 ಡಾಲರ್ ಹೋಯಿತು. ಮನೆಗೆ ಬಂದರೆ ಪ್ರಯಾಣಕ್ಕೂ ಕೊಡಬೇಕಾಗಬಹುದು. ಇವೆಲ್ಲ ಸರ್ವಿಸ್ ಅಗ್ರಿಮೆಂಟ್ ಎಂಬ ಕರಾರಿನಲ್ಲಿ ಇರುತ್ತವೆ. ಎಷ್ಟು ದಿನ ಮೊದಲು ಹೇಳಿದರೆ ರದ್ದಾದ ಭೇಟಿಗೆ ದುಡ್ಡು ಹಿಡಿಯುವುದಿಲ್ಲ ಎಂಬುದನ್ನೂ ಅದರಲ್ಲಿ ಹುಡುಕಿ, ಆಮೇಲೆ ಸಹಿ ಹಾಕಿ. ಈಗಿನ ಹೊಸ ಪ್ಲಾನ್‌ಗಳಲ್ಲಿ ವರ್ಷದ ದುಡ್ಡು ಒಟ್ಟಿಗೆ ಸಿಗುವುದೂ ಇಲ್ಲ, ಹೆಚ್ಚಾಗಿ ಮೂರು ತಿಂಗಳಿಗೊಮ್ಮೆ ಕಂತಿನಲ್ಲಿ ಬಿಡುತ್ತಾರೆ.

ಯಾರ ಹತ್ತಿರ ಹೋಗಬಹುದು ಎಂಬುದು ಈ ದುಡ್ಡನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದರ ಮೇಲೆ ನಿಂತಿದೆ. ಎನ್‌ಡಿಐಎಸ್ ನಡೆಸುವ ಎನ್‌ಡಿಐಎ ಇಲಾಖೆಯೇ ನೋಡಿಕೊಂಡರೆ ಎನ್‌ಡಿಐಎಸ್‌ನಲ್ಲಿ ನೋಂದಾಯಿತರಾದವರ ಹತ್ತಿರ ಮಾತ್ರ. ಪ್ಲಾನ್ ಮ್ಯಾನೇಜರ್, ಅಂದರೆ ನಿಮ್ಮ ಪರವಾಗಿ ಬಿಲ್ಲು ಕಟ್ಟುವವರು, ಇದ್ದರೆ ನೋಂದಣಿ ಇಲ್ಲದವರೂ ಆಗುತ್ತದೆ, ಆದರೆ ಮಿತಿಗಿಂತ ಹೆಚ್ಚು ಕೊಡುವಂತಿಲ್ಲ. ನೀವೇ ನೋಡಿಕೊಂಡರೆ ಹೆಚ್ಚೂ ಕೊಡಬಹುದು, ಬಿಲ್ಲುಗಳ ರಾಶಿಯೂ ನಿಮ್ಮದೇ. ನನಗೆ ನಡುವಿನದೇ ಹಿತ, ಪ್ಲಾನ್ ಮ್ಯಾನೇಜರ್ ಶುಲ್ಕಕ್ಕೆ ಪ್ಲಾನ್‌ನಲ್ಲಿ ಬೇರೆ ಹಣ ಇರುತ್ತದೆ.

ಖಿನ್ನತೆ, ಆತಂಕದಂಥ ಕಾಯಿಲೆಗೆ ಚಿಕಿತ್ಸೆ ಬೇಕಾದರೆ ಅದು ಈ ದಾರಿಯಲ್ಲ. ಜಿಪಿ ಹತ್ತಿರ ಮೆಂಟಲ್ ಹೆಲ್ತ್ ಟ್ರೀಟ್‌ಮೆಂಟ್ ಪ್ಲಾನ್ ಮಾಡಿಸಿದರೆ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ನಲ್ಲಿ ವರ್ಷಕ್ಕೆ ಹತ್ತು ಭೇಟಿಗಳವರೆಗೆ ಒಂದಿಷ್ಟು ದುಡ್ಡು ವಾಪಸ್ ಬರುತ್ತದೆ. ಮಗುವಿಗೆ ಎನ್‌ಡಿಐಎಸ್, ತಾಯಿಗೆ ಮೆಡಿಕೇರ್, ಎರಡೂ ಒಂದೇ ಮನೆಯಲ್ಲಿ ನಡೆಯಬಹುದು. ನಮ್ಮ ಮನೆಯಲ್ಲಿ ನಡೆಯುತ್ತಿದೆ. ತಾಯಂದಿರು ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ ಎಂದೇ ಹೇಳುತ್ತಿದ್ದೇನೆ.

ಸೈಕಾಲಜಿಸ್ಟ್ ಹೊಂದದಿದ್ದರೆ ಬದಲಾಯಿಸಿ. ಸಿಡ್ನಿಯ ಹುಡುಗಿ "ಬೇಜಾರು ಮಾಡ್ಕೊಂಡ್ರೆ ಅಕ್ಕಾ?" ಅಂದಳು. ಮಾಡಿಕೊಳ್ಳುವುದಿಲ್ಲ, ಅಲ್ಲಿ ಇದು ದಿನದ ಮಾತು. ಒಂದು ಇಮೇಲ್ ಸಾಕು, ಕರಾರಿನಲ್ಲಿ ಹೇಳಿದಷ್ಟು ದಿನದ ನೋಟಿಸ್ ಕೊಡಿ, ಅಷ್ಟೆ. ನಡವಳಿಕೆಯೇ ಸರಿ ಇಲ್ಲದಿದ್ದರೆ ಎನ್‌ಡಿಐಎಸ್ ಕ್ವಾಲಿಟಿ ಅಂಡ್ ಸೇಫ್‌ಗಾರ್ಡ್ಸ್ ಕಮಿಷನ್‌ಗೆ ದೂರು ಕೊಡಬಹುದು, 1800 035 544. ಪ್ಲಾನ್‌ನಲ್ಲೇ ದುಡ್ಡು ಸಾಲದೆ ಹೋದರೆ ಪ್ಲಾನ್ ಕೈಗೆ ಬಂದ ಮೂರು ತಿಂಗಳೊಳಗೆ ಮರುಪರಿಶೀಲನೆ ಕೇಳಬೇಕು. ನಮ್ಮ ಡೈರಿ ನಮ್ಮನ್ನು ಕಾಪಾಡಿದ್ದು ಅಲ್ಲೇ.

ಇಂಗ್ಲಿಷ್ ತೊಡರಿದರೆ ಸರ್ಕಾರದ ದುಭಾಷಿ ಸೇವೆಯ 131 450ಕ್ಕೆ ಕರೆ ಮಾಡಿ ಕನ್ನಡದ ದುಭಾಷಿಯನ್ನು ಕೇಳಿ, ಆಮೇಲೆ ಎನ್‌ಡಿಐಎಸ್‌ನ 1800 800 110ಕ್ಕೆ ಜೋಡಿಸಲು ಹೇಳಿ. ನಾದಿನಿಯನ್ನೋ ಪಕ್ಕದ ಮನೆಯವರನ್ನೋ ದುಭಾಷಿ ಮಾಡಿಕೊಳ್ಳಬೇಡಿ, ನಾನು ಅತ್ತೆಯ ಮಾತನ್ನು ಅನುವಾದಿಸಿದ ಕಥೆ ಓದಿದ್ದೀರಲ್ಲ. ಇನ್ನೊಂದು, ಬರೀ "ಕನ್ನಡ" ಅಂದರೆ ಆ ಕಡೆಯವರಿಗೆ "ಕೆನಡಾ" ಎಂದು ಕೇಳಿಸಿ, ಅಲ್ಲಿ ಇಂಗ್ಲಿಷೇ ತಾನೇ ಎನ್ನುತ್ತಾರೆ. ನಿಧಾನಕ್ಕೆ ಅಕ್ಷರ ಬಿಡಿಸಿ ಹೇಳಿ: ಕೆ, ಎ, ಡಬಲ್ ಎನ್, ಎ, ಡಿ, ಎ.