ಲ್ಯಾಪ್‌ಟಾಪೂ ಅಲ್ಲ, ದೊಡ್ಡ ಸಿಪಿಯೂನೂ ಅಲ್ಲ: ಇನ್ವರ್ಟರ್ ಬ್ಯಾಟರಿ ಮೇಲೆ ಓಡೋ ನಮ್ಮನೆ ಕಂಪ್ಯೂಟರು

ಮನೆಗೆ ಲ್ಯಾಪ್‌ಟಾಪ್ ತಗೊಳ್ಳಾ ಡೆಸ್ಕ್‌ಟಾಪ್ ತಗೊಳ್ಳಾ ಅಂತ ಯಾರಾದ್ರೂ ಕೇಳಿದ್ರೆ ಎಲ್ರೂ ಪ್ರೊಸೆಸರು ರ‍್ಯಾಮು ಅಂತ ಶುರು ಮಾಡ್ತಾರೆ, ನಾನು ಮೊದ್ಲು ಕೇಳೋದು ನಿಮ್ಮನೆ ಇನ್ವರ್ಟರ್ ಯಾವ್ದು ಅಂತ. ತಿಪಟೂರಲ್ಲಿ ಇದು ತಮಾಷೆ ಮಾತಲ್ಲ. ನಮ್ಮನೆಯವ್ರು ಎರಡು ಕೊಬ್ಬರಿ ಮಂಡಿ ಲೆಕ್ಕ ಮನೇಲೇ ಕೂತು ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಲ್ಲಿ ಬರೀತಾರೆ, ಹರಾಜಾದ ದಿನ ಸಂಜೆ ಬಿಲ್ ರಾಶಿ ಬೀಳುತ್ತೆ, ಅದೇ ಹೊತ್ತಿಗೆ ಕರೆಂಟು ಹೋಗೋದು ಬರೋದು. ಎಂಟ್ರಿ ಮಧ್ಯದಲ್ಲಿ ಸಿಸ್ಟಮ್ ಆಫ್ ಆಗಿ ಡೇಟಾ ಕೆಟ್ಟು ರಿಪೇರಿಗೆ ಹಾಕಿ ಕೂತವರಿಗೇ ಗೊತ್ತು ಆ ಸಂಕಟ.

ಮೊದ್ಲು ಇದ್ದಿದ್ದು ಲ್ಯಾಪ್‌ಟಾಪೇ, ಮೂವತ್ತೆಂಟು ಸಾವಿರದ ಹತ್ರ ಕೊಟ್ಟಿದ್ದು. ದಿನವಿಡೀ ಚಾರ್ಜರಲ್ಲೇ ಇರುತ್ತಲ್ಲ, ಎರಡು ವರ್ಷ ಕಳೆಯೋಷ್ಟರಲ್ಲಿ ಬ್ಯಾಟರಿ ಹತ್ತು ನಿಮಿಷಕ್ಕಿಳೀತು, ಆಮೇಲೆ ಎಡಗಡೆ ಹಿಂಜು ಒಳಗಿನ ಹಿತ್ತಾಳೆ ನಟ್ ಸಮೇತ ಕಿತ್ಕೊಂಡು ಬಂತು. ಸರ್ವಿಸ್‌ನವ್ರು ಬ್ಯಾಟರಿ, ಮೇಲಿನ ಪ್ಯಾನೆಲ್ ಎಲ್ಲಾ ಸೇರಿ ಒಂಬತ್ತು ಸಾವಿರ ಚಿಲ್ರೆ ಅಂದ್ರು. ಅದ್ರ ಜೊತೆ ನಂಬರ್ ಪ್ಯಾಡ್ ಇಲ್ಲ, ಸಾಲುಸಾಲು ಅಂಕಿ ತುಂಬೋ ಕೆಲಸಕ್ಕೆ ಅದೊಂದು ಹಿಂಸೆ, ಹೊರಗಡೆ ಕೀಬೋರ್ಡ್ ಹಾಕೋದೇ ಆದ್ಮೇಲೆ ಲ್ಯಾಪ್‌ಟಾಪ್ ಆದ್ರೇನು ಬಂತು.

ಆಮೇಲೆ ಅಸೆಂಬಲ್ಡ್ ಸಿಸ್ಟಮ್ ಮಾಡ್ಸಿದ್ದು, ಒಳಗೆ ಕರೆಂಟ್ ಕೊಡೋ 450 ವ್ಯಾಟಿನ ಎಸ್‌ಎಂಪಿಎಸ್, ಮಗ ಹಠ ಮಾಡಿ ಹಾಕ್ಸಿದ ಹಳೇ ಗ್ರಾಫಿಕ್ಸ್ ಕಾರ್ಡು. ನಮ್ದು ಹಳೇ ಸ್ಕ್ವೇರ್ ವೇವ್ ಇನ್ವರ್ಟರು (ಲೈನ್ ಕರೆಂಟಿನ ಥರ ನುಣುಪಾಗಲ್ಲ, ಒರಟಾಗಿ ಕರೆಂಟ್ ಕೊಡೋದು), 150 ಎಎಚ್ ಟ್ಯೂಬುಲರ್ ಬ್ಯಾಟರಿ. ಕರೆಂಟ್ ಹೋದ ತಕ್ಷಣ ಎಸ್‌ಎಂಪಿಎಸ್ ಗುಂಯ್ ಅನ್ನೋದು, ಮೂರ್ಸಲ ಹೋದ್ರೆ ಒಂದ್ಸಲವಾದ್ರೂ ರೀಸ್ಟಾರ್ಟ್. ಇನ್ವರ್ಟರ್ ಹಿಂದಿನ ಸ್ವಿಚ್ ಯುಪಿಎಸ್ ಮೋಡಿಗೆ ಹಾಕು ಅಂದ್ರು, ಹಾಕ್ದೆ. ಚೇಂಜ್ ಓವರ್ ಬೇಗ ಆಯ್ತು ನಿಜ, ಆದ್ರೆ ಆ ಮೋಡಲ್ಲಿ ವೋಲ್ಟೇಜು 180ರ ಆಸುಪಾಸಿಗೆ ಇಳಿದ್ರೂ ಅದು ಬ್ಯಾಟರಿಗೆ ಹೋಗ್ಬಿಡುತ್ತೆ. ನಮ್ಮಲ್ಲಿ ಸಂಜೆ ಪಂಪ್‌ಸೆಟ್ ಓಡೋ ಹೊತ್ತಲ್ಲಿ ವೋಲ್ಟೇಜ್ ಅಷ್ಟೇ ಇರೋದು. ಕರೆಂಟ್ ಇದ್ರೂ ಮನೆಯೆಲ್ಲಾ ಬ್ಯಾಟರಿ ಮೇಲೆ, ರಾತ್ರಿ ನಿಜವಾಗ್ಲೂ ಹೋದಾಗ ಫ್ಯಾನೂ ಇಲ್ಲ. ಡಿಸ್ಟಿಲ್ಡ್ ವಾಟರ್ ಬೇರೆ ಎರಡರಷ್ಟು ಕುಡೀತು. ವಾಪಸ್ ಹಾಕ್ದೆ. ಕಂಪ್ಯೂಟರಿಗಷ್ಟೇ ಒಂದು 600 ವಿಎ ಯುಪಿಎಸ್ ಇಟ್ರೆ ಆಯ್ತಲ್ಲ ಅಂತೀರಿ, ಅದನ್ನೂ ಇಟ್ಟಾಯ್ತು, ಎರಡೂವರೆ ಸಾವಿರ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಅದು ಟಿಕ್ ಟಿಕ್ ಅಂತ ರಿಲೇ ಬಡ್ಕೊಳ್ಳುತ್ತೇ ಹೊರ್ತು ಚಾರ್ಜ್ ಆಗಲ್ಲ.

ಇಷ್ಟಾದ್ಮೇಲೆ ತಲೇಲಿ ಬಂದಿದ್ದು ಆಫೀಸ್‌ಗಳಿಂದ ಲೀಸ್ ಮುಗಿದು ಬರೋ ಪುಟಾಣಿ ಡೆಸ್ಕ್‌ಟಾಪು, ಲೆನೊವೊ ಟೈನಿ, ಡೆಲ್ ಮೈಕ್ರೋ, ಎಚ್‌ಪಿ ಮಿನಿ ಅಂತ ಬರ್ತಾವಲ್ಲ ಅವು. ಟ್ರೈನಲ್ಲಿ ಯಶವಂತಪುರಕ್ಕೆ ಹೋಗಿ ಮೆಟ್ರೋ ಹತ್ತಿ ಚಿಕ್ಕಪೇಟೇಲಿ ಇಳಿದ್ರೆ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡು ನಡ್ಕೊಂಡೋಗೋ ದೂರ. 6ನೇ 7ನೇ ಜನರೇಷನ್ನು ತೀರಾ ಕಮ್ಮಿ ರೇಟಿಗೇ ತೋರಿಸ್ತಾರೆ, ವಿಂಡೋಸ್ 11 ಇಂಟೆಲ್‌ನಲ್ಲಿ 8ನೇ ಜನರೇಷನ್ನಿಂದ ಮೇಲಕ್ಕೆ ಅಂತ ಇರೋದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ಗೆ ಸಪೋರ್ಟ್ ಮುಗೀತು, ಅದಕ್ಕೇ ಆ ರೇಟು. ಲಿನಕ್ಸ್ ಹಾಕೋರಿಗೆ ಪರ್ವಾಗಿಲ್ಲ, ಟ್ಯಾಲಿ ಮನೆಗೆ ಬೇಡ. ನಾನು ತಂದಿದ್ದು ಲೆನೊವೊ ಎಂ 720ಕ್ಯೂ, 8ನೇ ಜನರೇಷನ್ ಐ5, ಆರು ಕೋರು, ಕಮ್ಮಿ ಕರೆಂಟ್ ಎಳೆಯೋ 35 ವ್ಯಾಟಿನ ಟಿ ಪ್ರೊಸೆಸರು, ಹನ್ನೊಂದೂವರೆ ಸಾವಿರ ಅಂತ ನೆನಪು. ದುಡ್ಡು ಕೊಡೋಕ್ಮುಂಚೆ ಅಲ್ಲೇ ಆನ್ ಮಾಡ್ಸಿ ಬಯಾಸ್ (ಮಷೀನಿನ ಮೂಲ ಸೆಟ್ಟಿಂಗು) ಒಳಗೋಗಿ ನೋಡಿ, ಪಾಸ್‌ವರ್ಡ್ ಕೇಳಿದ್ರೆ ಮುಟ್ಲೇಬೇಡಿ. ವೈಫೈ ಕಾರ್ಡ್ ಇದ್ಯಾ ಅಂತಾನೂ ನೋಡಿ, ಆಫೀಸ್ ಮಾಲಲ್ಲಿ ಎಷ್ಟೋ ಸಲ ಇರಲ್ಲ, ಆಂಟೆನಾನೂ ಇರಲ್ಲ.

ನಮ್ಮ ಬಾಮೈದ ಬೆಂಗಳೂರಲ್ಲಿ ಐಟಿ ಕಂಪ್ನೀಲಿರೋನು. ನೋಡಿದ್ದೇ ತಡ, "ಏನ್ ಭಾವ, ಕಂಪ್ಯೂಟರ್ ತರ್ತೀನಂತ ಹೋಗಿ ಸೆಟ್‌ಟಾಪ್ ಬಾಕ್ಸ್ ತಂದಿದೀರಾ" ಅಂದ. ಇಲ್ಲಿನ ಅಂಗಡಿಯವ್ರೂ ಆರು ತಿಂಗಳು ಬಂದ್ರೆ ಹೆಚ್ಚು ಅಂದಿದ್ರು. ಅಡಾಪ್ಟರ್ ಹಾಕಿ ಇನ್ವರ್ಟರ್ ಮೇಲೆ ಓಡಿಸಿದ್ರೆ ಇದೂ ಸುಮ್ನಿದ್ದಾಗ ತಡ್ಕೊಳ್ಳೋದು, ಕೆಲ್ಸ ಜೋರಿದ್ದಾಗ ರೀಸ್ಟಾರ್ಟ್ ಆಗೋದು. ಅಲ್ಲೇ ನನಗೆ ಹೊಳೆದಿದ್ದು: ಇದಕ್ಕೆ ಬೇಕಿರೋದೇ 20 ವೋಲ್ಟ್ ಡಿಸಿ, ಮೂಲೇಲಿ 12 ವೋಲ್ಟ್ ಬ್ಯಾಟರಿ ಕೂತಿದೆ, ಮಧ್ಯದಲ್ಲಿ ಡಿಸೀನ ಏಸಿ ಮಾಡಿ ಮತ್ತೆ ಡಿಸಿ ಮಾಡೋದು ಯಾಕೆ?

ಮೊದಲ್ನೇದು 12 ವೋಲ್ಟನ್ನ 20ಕ್ಕೆ ಏರಿಸೋ ಇನ್ನೂರೈವತ್ತು ರೂಪಾಯಿ ಬೂಸ್ಟ್ ಮಾಡ್ಯೂಲು. ಮೇಲೆ 150 ವ್ಯಾಟ್ ಅಂತ ಬರ್ದಿತ್ತು, 50 ವ್ಯಾಟ್ ಎಳೆಯೋಷ್ಟರಲ್ಲಿ ಕೈ ಇಡೋಕಾಗ್ದಷ್ಟು ಬಿಸಿ, ಒಂದಿನ ವಾಸನೆ ಬಂತು, ಮುಗೀತು. ಆಮೇಲೆ ಕಾರಿಗೆ ಹಾಕೋ 100 ವ್ಯಾಟಿನ ಪಿಡಿ ಚಾರ್ಜರು (ಟೈಪ್ ಸಿ ಮೇಲೆ 20 ವೋಲ್ಟ್ ಕೊಡೋದು), ಒಳ್ಳೇದೇ ತಗೊಂಡೆ, ಸಾವಿರದ ಐನೂರು, ಅದರಿಂದ ಟೈಪ್ ಸಿ ಕೇಬಲ್ಲು, ಇನ್ನೊಂದು ತುದೀಲಿ ಲೆನೊವೊ ಚೌಕ ಪಿನ್ನು. ಆನ್ ಆಯ್ತು, ಆದ್ರೆ ಆಮೆ ಥರ. ಆ ಪಿನ್ನಿನ ಮಧ್ಯದ ಕಡ್ಡಿ ಇದ್ಯಲ್ಲ, ಅದರಲ್ಲಿರೋ ರೆಸಿಸ್ಟರ್ ನೋಡಿನೇ ಮಷೀನು ಅಡಾಪ್ಟರ್ ಎಷ್ಟು ವ್ಯಾಟು ಅಂತ ತಿಳ್ಕೊಳ್ಳೋದು, ಸರಿಯಿಲ್ಲ ಅಂದ್ರೆ ಸ್ಪೀಡ್ ಇಳಿಸಿಬಿಡುತ್ತೆ. ನಾನು ಎಷ್ಟು ಓಮ್ ಹಾಕ್ದೆ, ಎಲ್ಲಿ ಹಾಕ್ದೆ ಅನ್ನೋದು ಇಲ್ಲಿ ಬರ್ಯಲ್ಲ, ಬೇಕಾದೋರು ಒರಿಜಿನಲ್ ಅಡಾಪ್ಟರ್‌ಗೆ ಮೀಟರ್ ಹಿಡಿದು ನೋಡ್ಕೊಳ್ಳಿ.

ಅದಾದ್ಮೇಲೂ ಕಾಟ. ಮನೇಲಿ ಬಿದ್ದಿದ್ದ ತೆಳು ವೈರಲ್ಲಿ ಎಳ್ದಿದ್ದು, ಬ್ಯಾಟರಿಯಿಂದ ಟೇಬಲ್‌ಗೆ ಐದು ಮೀಟರ್ ಹತ್ರ. ಹೋಗೋದು ಬರೋದು ಸೇರಿ ಹತ್ತು ಮೀಟರು, ಆರು ಆಂಪಿಯರ್ ಎಳೆದಾಗ ಒಂದೂವರೆ ವೋಲ್ಟ್ ವೈರಲ್ಲೇ ಹೋಗ್ತಿತ್ತು, ಕಾರ್ ಚಾರ್ಜರು ಬ್ಯಾಟರಿ ಖಾಲಿ ಅಂದ್ಕೊಂಡು ಕಟ್ ಮಾಡೋದು. 2.5 ಸ್ಕ್ವೇರ್ ಎಂಎಂ ವೈರ್ ಹಾಕ್ದೆ, ನಿಂತೋಯ್ತು. ಬ್ಯಾಟರಿ ಪ್ಲಸ್ ಟರ್ಮಿನಲ್ ಪಕ್ಕದಲ್ಲೇ 10 ಆಂಪಿಯರ್ ಫ್ಯೂಸು, ಇದು ಮಾತ್ರ ಬಿಡಂಗಿಲ್ಲ, ಅಷ್ಟು ದೊಡ್ಡ ಬ್ಯಾಟರಿ ಶಾರ್ಟ್ ಆದ್ರೆ ವೈರ್ ಕೆಂಪಗೆ ಕಾಯುತ್ತೆ. ಮಾನಿಟರ್‌ನ ಇನ್ವರ್ಟರ್ ಮೇಲೇ ಬಿಟ್ಟಿದೀನಿ, ಕರೆಂಟ್ ಹೋದಾಗ ಒಂದ್ಸಲ ಕಣ್ಣು ಮಿಟುಕಿಸುತ್ತೆ ಅಷ್ಟೇ, ಎಂಟ್ರಿ ಇದ್ದಲ್ಲೇ ಇರುತ್ತೆ. ಕರೆಂಟ್ ಇದ್ದಾಗ ಇನ್ವರ್ಟರಿನ ಚಾರ್ಜರೇ ಇದನ್ನ ಸಾಕುತ್ತೆ, ಬ್ಯಾಟರಿ ಇಳಿಯಲ್ಲ. ಹಾಕಿ ಒಂದೂವರೆ ವರ್ಷದ ಮೇಲಾಯ್ತು, ಅದಾದ್ಮೇಲೆ ಟ್ಯಾಲಿ ಡೇಟಾ ಒಂದ್ಸಲಾನೂ ಕೆಟ್ಟಿಲ್ಲ.

ದುಡ್ಡಿನ ಲೆಕ್ಕ: ಡಬ್ಬಿ ಹನ್ನೊಂದೂವರೆ, ಸೆಕೆಂಡ್ ಹ್ಯಾಂಡ್ 22 ಇಂಚಿನ ಐಪಿಎಸ್ ಮಾನಿಟರ್ ಮೂರೂವರೆ, 8 ಜಿಬಿ ರ‍್ಯಾಮ್ ಜಾಸ್ತಿ ಹಾಕ್ಸಿದ್ದು ಆಗ ಸಾವಿರದ ಐನೂರು (ಈಗ ರ‍್ಯಾಮ್ ರೇಟ್ ಕೇಳಿದ್ರೆ ತಲೆ ತಿರುಗುತ್ತೆ), ಕೀಬೋರ್ಡು ಮೌಸು ವೆಬ್‌ಕ್ಯಾಮು ಒಂದೂವರೆ, ಚಾರ್ಜರು ಕೇಬಲ್ಲು ವೈರು ಫ್ಯೂಸು ಸೇರಿ ಎರಡೂವರೆ. ಒಟ್ಟು ಇಪ್ಪತ್ತೂವರೆ ಸಾವಿರದ ಆಸುಪಾಸು. ಸುಟ್ಟೋಗಿದ್ದು ಇದರಲ್ಲಿ ಸೇರಿಲ್ಲ, ಸೇರ್ಸೋದೂ ಇಲ್ಲ. ಕರೆಂಟ್ ಕಡೆ ನೋಡಿದ್ರೆ ಹಳೇ ಸಿಸ್ಟಮ್ಮು ಮಾನಿಟರ್ ಸೇರಿ 100 ವ್ಯಾಟ್ ಹತ್ರ ಎಳೀತಿತ್ತು, ಇದು ಮಾನಿಟರ್ ಸೇರಿ 35. ದಿನಕ್ಕೆ ಏಳು ಗಂಟೆ ಅಂದ್ರೆ ತಿಂಗಳಿಗೆ 21 ಯೂನಿಟ್ ಇದ್ದಿದ್ದು ಏಳೆಂಟಕ್ಕೆ ಬಂತು. ಗೃಹಜ್ಯೋತೀಲಿ 2022-23ರ ಸರಾಸರಿ ಹಿಡಿದು ನಿಮ್ಮ ಮಿತಿ ಕಟ್ಟಿರೋದು, ಮೀರಿದ್ರೆ ಮೀರಿದ್ದಕ್ಕೆ ಬಿಲ್ಲು, 200 ದಾಟಿದ್ರೆ ಪೂರ್ತಿ ಬಿಲ್ಲು, ಹಂಗಾಗಿ ಈ ಹದಿಮೂರು ಯೂನಿಟ್ಟು ಸಣ್ಣದಲ್ಲ.

ಮಧ್ಯೆ ಹಳೇ ಲ್ಯಾಪ್‌ಟಾಪ್ ಜೊತೇನೂ ಆಟ ಆಡ್ದೆ. ಡಿಸ್‌ಪ್ಲೇ ಬಿಚ್ಚಿ ಎಸೆದು, ಉಬ್ಬಿದ್ದ ಬ್ಯಾಟರಿ ತೆಗ್ದು, ಬರೀ ಕೆಳಗಿನ ಅರ್ಧ ಟಿವಿ ಹಿಂದೆ ಇಟ್ಟು ಎಚ್‌ಡಿಎಂಐ ಕೊಟ್ಟೆ, ಪಿಕ್ಚರ್ ನೋಡೋಕೆ ಪರ್ವಾಗಿಲ್ಲ. ಟ್ಯಾಲಿನೂ ಟಿವೀಲೇ ಮಾಡೋಣ ಅಂತ ನೋಡಿದ್ದು ಸರಿಬರ್ಲಿಲ್ಲ, ಅಕ್ಷರದ ಅಂಚೆಲ್ಲಾ ಬಣ್ಣಬಣ್ಣ, ಟಿವಿ ಸೆಟ್ಟಿಂಗಲ್ಲಿ ಇನ್‌ಪುಟ್ ಹೆಸರು ಪಿಸಿ ಅಂತ ಬದಲಾಯಿಸಿದ್ಮೇಲೆ ಸ್ವಲ್ಪ ಸುಧಾರಿಸ್ತು, ಆದ್ರೂ ಕುತ್ತಿಗೆ ನೋವು. ಹಾಸ್ಟೆಲಲ್ಲಿರೋ ಮಕ್ಕಳಿಗೆ, ಊರೂರು ತಿರುಗೋ ಕೆಲಸದವ್ರಿಗೆ ಲ್ಯಾಪ್‌ಟಾಪೇ ಸರಿ, ಅದ್ರಲ್ಲಿ ವಾದ ಇಲ್ಲ.

ಈಗ ಬಾಮೈದನೂ ಒಂದು ಮಾಡ್ಕೊಡಿ ಅಂತ ಹಿಂದೆ ಬಿದ್ದಿದಾನೆ. ಅವನ ಮನೇಲಿ ಎರಡು ಬ್ಯಾಟರಿ ಸೀರೀಸಲ್ಲಿ, 24 ವೋಲ್ಟು. ಒಂದೇ ಬ್ಯಾಟರಿಯಿಂದ 12 ಎಳೆದ್ರೆ ಅದೊಂದು ಸೊರಗಿ ಇನ್ನೊಂದು ಓವರ್‌ಚಾರ್ಜ್ ಆಗಿ ಎರಡೂ ಹಾಳು, ಎರಡಕ್ಕೂ ಸೇರ್ಸಿ ಹಾಕಿದ್ರೆ ಚಾರ್ಜಿಂಗ್ ಹೊತ್ತಲ್ಲಿ 28 ದಾಟುತ್ತೆ, ನನ್ನ ಚಾರ್ಜರ್ ಮೇಲೆ 24 ಅಂತ ಮಾತ್ರ ಬರ್ದಿದೆ. 36ರವರೆಗೆ ತಡ್ಕೊಳ್ಳೋದು ಸಿಗೋವರೆಗೂ ಅವನು ಲ್ಯಾಪ್‌ಟಾಪಲ್ಲೇ ಇರ್ಲಿ.