ಶೈನಿಂಗ್ ಪರ್ಲ್: ಸುಣ್ಣ ಹೊಸದು, ಬಿರುಕು ಹಳೆಯದು

ಶೈನಿಂಗ್ ಪರ್ಲ್ ಅನ್ನುವ ಪೋಕೆಮಾನ್ ವಿಡಿಯೊ ಗೇಮ್‌ನಲ್ಲಿ, ಜೊತೆಗಿಟ್ಟು ಕಾದಾಡಿಸುವ ಮೊದಲ ಪ್ರಾಣಿಯಾಗಿ ನೀರಿನ ಪೋಕೆಮಾನ್ ಪಿಪ್ಲಪ್ ಆರಿಸಿಕೊಂಡ ದಿನವೇ ಗೊತ್ತಿತ್ತು, ಈ ಸಲವೂ ಬೆಂಕಿ ಪೋಕೆಮಾನ್‌ಗಾಗಿ ಪರದಾಡಬೇಕು ಅಂತ. 2006ರಲ್ಲಿ ಜಪಾನಿನಲ್ಲಿ ಬಂದ ಡೈಮಂಡ್ ಮತ್ತು ಪರ್ಲ್ ಆಟಗಳ ಸಿನೋ ಪ್ರದೇಶದಲ್ಲಿ ಬೆಂಕಿ ಪೋಕೆಮಾನ್‌ಗಳ ವಂಶ ಇದ್ದದ್ದೇ ಎರಡು. ಒಂದು, ಆಟದ ಶುರುವಿನಲ್ಲೇ ಆರಿಸಿಕೊಳ್ಳಬಹುದಾದ ಚಿಮ್‌ಚಾರ್. ಇನ್ನೊಂದು ಪೋನಿಟಾ ಅನ್ನುವ ಕುದುರೆ. ಚಿಮ್‌ಚಾರ್ ಬೇಡ ಅಂದವರು ಕುದುರೆ ಹಿಡಿಯಬೇಕು, ಅಷ್ಟೇ. ಆ ಪ್ರದೇಶದ ಪೋಕೆಮಾನ್ ಪಟ್ಟಿಯಲ್ಲಿ 151 ಹೆಸರಿದ್ದೂ ಈ ಗತಿ. ಎರಡು ವರ್ಷ ಬಿಟ್ಟು ಬಂದ, ಅದೇ ಆಟದ ತಿದ್ದಿದ ಆವೃತ್ತಿ ಪ್ಲಾಟಿನಮ್‌ನಲ್ಲಿ ಪಟ್ಟಿಯನ್ನು 210ಕ್ಕೆ ಏರಿಸಿ ಈ ಕೊರತೆ ನೀಗಿಸಿದ್ದರು. ಹಾಗಾಗಿ 2021ರ ನವೆಂಬರ್‌ನಲ್ಲಿ ನಿಂಟೆಂಡೊ ಸ್ವಿಚ್‌ಗೆ ಪರ್ಲ್‌ನ ರಿಮೇಕ್ ಆಗಿ ಈ ಶೈನಿಂಗ್ ಪರ್ಲ್ ಬಂದಾಗ, ಪ್ಲಾಟಿನಮ್‌ನಲ್ಲಿ ಸರಿಮಾಡಿದ್ದೆಲ್ಲ ಇದರಲ್ಲೂ ಇರುತ್ತದೆ ಅಂದುಕೊಂಡಿದ್ದೆ. ಇರಲಿಲ್ಲ. ಪಟ್ಟಿ ಮತ್ತೆ ಅದೇ 151.

ಇದರ ತಮಾಷೆ ಪೂರ್ತಿ ಗೊತ್ತಾಗುವುದು ಎಲೀಟ್ ಫೋರ್‌ನಲ್ಲಿ, ಅಂದರೆ ಚಾಂಪಿಯನ್‌ಗೆ ಮೊದಲು ಸೋಲಿಸಬೇಕಾದ ನಾಲ್ವರಲ್ಲಿ, ಫ್ಲಿಂಟ್ ಎದುರಾದಾಗ. ಅವನು ಬೆಂಕಿ ಪೋಕೆಮಾನ್‌ಗಳ ಉಸ್ತಾದ. ಕೆಂಪು ಕೂದಲು, ಮಾತಿನಲ್ಲೂ ಬೆಂಕಿ. ಅವನ ಐದರಲ್ಲಿ ನಿಜವಾದ ಬೆಂಕಿಯವು ರಾಪಿಡ್ಯಾಶ್ ಮತ್ತು ಇನ್‌ಫರ್ನೇಪ್ ಎರಡೇ. ಉಳಿದದ್ದು ಒಂದು ಉಕ್ಕಿನ ಹಾವು, ಒಂದು ಮೊಲ, ಒಂದು ಬಲೂನು. 2006ರಲ್ಲಿ ಇದಕ್ಕೆ ನೆಪವಾದರೂ ಇತ್ತು, ಪಟ್ಟಿಯೇ ಅಷ್ಟು ಅಂತ. ಹದಿನೈದು ವರ್ಷದ ಮೇಲೂ ಅದೇ ಮೊಲವನ್ನು ತಂದು ನಿಲ್ಲಿಸಿದ್ದು ನೋಡಿ ನನಗೆ ನಗು ಬಂತು, ಸಿಟ್ಟೂ ಬಂತು.

ಆದರೆ ಈ ರಿಮೇಕ್ ಮಾಡಿದವರಿಗೆ ಹೊಸದು ಮಾಡಲು ಬರುವುದಿಲ್ಲ ಅನ್ನಲಾರೆ. ನೆಲಮಾಳಿಗೆಗೆ ಇಳಿದು ನೋಡಿ. ಎಟರ್ನಾ ಸಿಟಿಯಲ್ಲಿ ಒಬ್ಬ ಮುದುಕ ಎಕ್ಸ್‌ಪ್ಲೋರರ್ ಕಿಟ್ ಕೊಡುತ್ತಾನೆ, ಅಲ್ಲಿಂದ ಗ್ರ್ಯಾಂಡ್ ಅಂಡರ್‌ಗ್ರೌಂಡ್ ತೆರೆಯುತ್ತದೆ. ಹಳೆಯ ಆಟದಲ್ಲೂ ಸುರಂಗ ಇತ್ತು. ಗೋಡೆ ಅಗೆಯುವುದು, ಗುಟ್ಟಿನ ಕೋಣೆ ಮಾಡಿಕೊಳ್ಳುವುದು, ಗೆಳೆಯರಿಗೆ ಬಲೆ ಒಡ್ಡುವುದು. ಈಗ ಆ ಸುರಂಗಗಳ ನಡುವೆ ದೊಡ್ಡ ಗುಹೆಗಳಿವೆ. ಪೋಕೆಮಾನ್‌ಗಳು ಕಣ್ಣೆದುರೇ ಓಡಾಡುತ್ತಿರುತ್ತವೆ. ಬೇಕಾದದ್ದರ ಹಿಂದೆ ಹೋಗಬಹುದು, ಬೇಡದ್ದರಿಂದ ತಪ್ಪಿಸಿಕೊಳ್ಳಬಹುದು. ಮೇಲೆ ಎಲ್ಲೂ ಸಿಗದ ಜಾತಿಗಳು ಇಲ್ಲಿ ಸಿಗುತ್ತವೆ. ನನ್ನ ಬೆಂಕಿ ಬರ ಕಳೆದದ್ದೂ ಇಲ್ಲೇ. ಜ್ವಾಲಾಮುಖಿ ಗುಹೆಯಲ್ಲಿ ಹೌಂಡೂರ್ ಅನ್ನುವ ಒಂದು ಬೆಂಕಿ ನಾಯಿ ನನ್ನನ್ನು ನೋಡಿದ್ದೇ ತಡ, ಅಟ್ಟಿಸಿಕೊಂಡು ಬಂತು. ಹಿಡಿದೆ.

ಅಗೆಯುವ ಆಟಕ್ಕೆ ನಾನು ಎಷ್ಟು ಹೊತ್ತು ಕೊಟ್ಟೆನೋ ಲೆಕ್ಕವಿಲ್ಲ. ಸುತ್ತಿಗೆಯಿಂದ ಹೊಡೆದರೆ ಬೇಗ ಒಡೆಯುತ್ತದೆ, ಆದರೆ ಗೋಡೆಯಲ್ಲಿ ಬಿರುಕೂ ಬೇಗ ಹರಡುತ್ತದೆ. ನಾನು ಮೊದಲು ನಾಲ್ಕೈದು ಕಡೆ ಸುತ್ತಿಗೆ ಹಾಕಿ, ಏನಾದರೂ ತುದಿ ಕಂಡ ತಕ್ಷಣ ಪಿಕಾಸಿಗೆ ಬದಲಾಯಿಸುತ್ತಿದ್ದೆ. ಸಿಕ್ಕಿದ ಪೆಟ್ಟಿಗೆಗಳಲ್ಲಿ ವಿಗ್ರಹಗಳಿರುತ್ತವೆ. ಅವನ್ನು ನಮ್ಮ ಗುಟ್ಟಿನ ಕೋಣೆಯಲ್ಲಿ ಇಟ್ಟರೆ, ಬೆಂಕಿ, ನೀರು ಹೀಗೆ ಆ ವಿಗ್ರಹ ಯಾವ ಬಗೆಯದೋ ಆ ಬಗೆಯ ಪೋಕೆಮಾನ್ ಗುಹೆಗಳಲ್ಲಿ ಜಾಸ್ತಿ ಕಾಣುತ್ತವೆ. ಸುಮ್ನೆ ಅಲಂಕಾರ ಅಂದುಕೊಂಡು ತುಂಬಾ ದಿನ ಇದನ್ನು ಗಮನಿಸಿಯೇ ಇರಲಿಲ್ಲ.

ಇನ್ನೊಂದು ನೆಮ್ಮದಿ ಎಚ್‌ಎಮ್‌ಗಳದು, ಅಂದರೆ ದಾರಿಯ ಅಡ್ಡಿ ದಾಟಿಸುವ ವಿದ್ಯೆಗಳದು. ಮೂಲ ಆಟದಲ್ಲಿ ಮರ ಕಡಿಯಲು, ನೀರು ದಾಟಲು, ಬಂಡೆ ಹತ್ತಲು ಒಟ್ಟು ಎಂಟು ಎಚ್‌ಎಮ್ ಇದ್ದವು. ಅವನ್ನು ಯಾವುದಾದರೂ ಪೋಕೆಮಾನ್‌ಗೆ ಕಲಿಸಲೇಬೇಕಿತ್ತು. ಆರು ಜಾಗದಲ್ಲಿ ಎರಡು ಈ ಕೂಲಿ ಕೆಲಸಕ್ಕೇ ಹೋಗುತ್ತಿದ್ದವು. ನನ್ನ ಹಳೆಯ ತಂಡದಲ್ಲಿ ಒಂದು ಬಿಬಾರೆಲ್ ಕೊನೆಯವರೆಗೂ ಹೀಗೇ ಮೂಟೆ ಹೊತ್ತಿತ್ತು, ಪಾಪ. ಈಗ ಕೈಗಡಿಯಾರದಲ್ಲಿ ಒತ್ತಿದರೆ ಕಾಡಿನಿಂದ ಯಾವುದೋ ಬಿಡೂಫ್ ಓಡಿಬಂದು ಕೆಲಸ ಮಾಡಿ ಹೋಗುತ್ತದೆ. ಗುಹೆಯ ಒಳಗಿದ್ದರೂ ಬರುತ್ತದೆ. ಎಲ್ಲಿಂದ ಅಂತ ಕೇಳಬೇಡಿ.

ಇನ್ನು ನನ್ನ ದೊಡ್ಡ ತಕರಾರು. ಯುದ್ಧದಲ್ಲಿ ಒಂದು ಪೋಕೆಮಾನ್ ಗೆದ್ದರೆ ಅನುಭವದ ಅಂಕ ಇಡೀ ತಂಡಕ್ಕೆ ಹಂಚಿಕೆಯಾಗುತ್ತದೆ. ಇದನ್ನು ಆಫ್ ಮಾಡಲು ಬರುವುದಿಲ್ಲ. ಹಂಚಿಕೆ ತಪ್ಪಲ್ಲ, ಬೇರೆ ಆಟಗಳಲ್ಲಿ ನನಗೂ ಇಷ್ಟವೇ. ಆದರೆ ಇಲ್ಲಿ ಎದುರಿನ ಜಿಮ್ ಲೀಡರ್‌ಗಳು, ಅಂದರೆ ಸೋಲಿಸಿದರೆ ಬ್ಯಾಡ್ಜ್ ಕೊಡುವ ಊರೂರಿನ ಎದುರಾಳಿಗಳು, ಹೆಚ್ಚುಕಡಿಮೆ ಹಳೆಯ ಲೆವೆಲ್‌ನಲ್ಲೇ ನಿಂತಿದ್ದಾರೆ. ನಾವು ಮಾತ್ರ ಸರಸರ ಏರುತ್ತೇವೆ. ನಾಲ್ಕನೇ ಬ್ಯಾಡ್ಜ್ ಹೊತ್ತಿಗೆ ಒಂದೊಂದೇ ಏಟಿಗೆ ಎಲ್ಲರೂ ಮಲಗತೊಡಗಿದರು. ಅದರ ಮೇಲೆ ಪ್ರೀತಿಯ ಕಾಟ ಬೇರೆ. ಪೋಕೆಮಾನ್ ನಮ್ಮನ್ನು ಹಚ್ಚಿಕೊಂಡಷ್ಟೂ ಏಟು ತಪ್ಪಿಸಿಕೊಳ್ಳುತ್ತದೆ, ವಿಷ ಏರಿದ್ದರೆ ತಾನೇ ಇಳಿಸಿಕೊಳ್ಳುತ್ತದೆ, ಸಾಯುವಂಥ ಏಟಿಗೂ ಒಂದು ಎಚ್‌ಪಿ (ಜೀವದ ಅಂಕ) ಉಳಿಸಿಕೊಂಡು ನಿಲ್ಲುತ್ತದೆ. ಕೇಳಲು ಚೆಂದ. ಆಡುವಾಗ ನಾನು ಹಾಕಿದ ಲೆಕ್ಕಕ್ಕೆ ಬೆಲೆಯೇ ಇಲ್ಲ ಅನ್ನಿಸುತ್ತದೆ.

ಅದಕ್ಕೆ ನಾನು ಹುಡುಕಿಕೊಂಡ ದಾರಿ ಇದು. ತಂಡದ ಆರರಾಚೆಗಿನವನ್ನು ಇಡುವ ಬಾಕ್ಸ್‌ನಲ್ಲಿರುವ ಪೋಕೆಮಾನ್‌ಗಳನ್ನು ಎಲ್ಲಿ ಬೇಕಾದರೂ ಅದಲುಬದಲು ಮಾಡಬಹುದಲ್ವಾ, ಹಾಗಾಗಿ ಹನ್ನೆರಡನ್ನು ಸಾಕಿದೆ. ಒಂದು ಜಿಮ್‌ಗೆ ಒಂದು ಗುಂಪು, ಮುಂದಿನದಕ್ಕೆ ಇನ್ನೊಂದು. ಅಂಕ ಹಂಚಿಹೋಗುವುದರಿಂದ ಲೆವೆಲ್ ತೀರಾ ಏರಲಿಲ್ಲ. ಯಾವುದಕ್ಕೂ ನನ್ನ ಮೇಲೆ ಅತಿಯಾದ ಪ್ರೀತಿಯೂ ಬೆಳೆಯಲಿಲ್ಲ. ಬ್ಯಾಟಲ್ ಸ್ಟೈಲನ್ನು ‘ಸೆಟ್’ಗೆ ಇಟ್ಟೆ. ಆಗ ಎದುರಾಳಿಯದೊಂದು ಬಿದ್ದಾಗ ನಮ್ಮದನ್ನು ಪುಕ್ಕಟೆ ಬದಲಾಯಿಸಿಕೊಳ್ಳುವ ಅವಕಾಶ ಇರುವುದಿಲ್ಲ. ಐದನೇ ಬ್ಯಾಡ್ಜ್‌ನಿಂದ ಆಟಕ್ಕೆ ರುಚಿ ಬಂತು. ಎಂಪೋಲಿಯನ್ ಒಂದನ್ನು ಮಾತ್ರ ಬಾಕ್ಸ್‌ಗೆ ಹಾಕಲು ಮನಸ್ಸಾಗಲಿಲ್ಲ. ಪಿಪ್ಲಪ್ ಆಗಿದ್ದಾಗಿನಿಂದ ಜೊತೆಗಿದ್ದದ್ದು ಅದು.

ದೊಡ್ಡ ತಲೆಯ ಗೊಂಬೆಗಳಂಥ ಪಾತ್ರಗಳ ಬಗ್ಗೆ ಜನ ತುಂಬಾ ಜಗಳವಾಡಿದ್ದಾರೆ. ನನಗೆ ಎರಡನೇ ದಿನಕ್ಕೆ ಅದು ಕಣ್ಣಿಗೆ ಬೀಳುವುದೇ ನಿಂತಿತು. ಪೋಕೆಮಾನ್‌ಗಳನ್ನು ವೇದಿಕೆಯಲ್ಲಿ ಪ್ರದರ್ಶಿಸುವ ಕಾಂಟೆಸ್ಟ್ ಈಗ ತಾಳಕ್ಕೆ ಬಟನ್ ಒತ್ತುವ ಆಟ, ಎರಡು ಸಲ ಆಡಿ ಬಿಟ್ಟೆ. ನಿಜವಾಗಿ ಬೇಸರವಾದದ್ದು ಪ್ಲಾಟಿನಮ್‌ನ ಡಿಸ್ಟಾರ್ಷನ್ ವರ್ಲ್ಡ್ ಇಲ್ಲದ್ದಕ್ಕೆ. ಜಲಪಾತ ಮೇಲಕ್ಕೆ ಹರಿಯುವ, ಗೋಡೆಯ ಮೇಲೆ ನಡೆಯುವ ಆ ಲೋಕವನ್ನು ಸ್ವಿಚ್‌ನಲ್ಲಿ ನೋಡುವ ಆಸೆ ಇತ್ತು. ಅದರಲ್ಲಿ ಯುದ್ಧಕ್ಕೆಂದೇ ಇದ್ದ ಬ್ಯಾಟಲ್ ಫ್ರಾಂಟಿಯರ್ ಕೂಡ ಇಲ್ಲ.

ಇಷ್ಟೆಲ್ಲ ಸಲೀಸಾಗಿದ್ದ ಆಟ ಎಲೀಟ್ ಫೋರ್ ಬಾಗಿಲಲ್ಲಿ ತಟ್ಟನೆ ಗೋಡೆಯಾಗುತ್ತದೆ. ಚಾಂಪಿಯನ್ ಸಿಂಥಿಯಾಳ ಹೆಸರು ಕೇಳಿದರೆ ಹಳಬರಿಗೆ ಈಗಲೂ ನಡುಕ. ಇಲ್ಲಿ ಅವಳು ಇನ್ನೂ ಹುಷಾರಾಗಿದ್ದಾಳೆ. ಮೊದಲ ಸಲ ಅವಳ ಮಿಲೋಟಿಕ್ ಎದುರು ನನ್ನ ಲಕ್ಸ್‌ರೇ ಇಳಿಸಿದೆ. ನೀರಿಗೆ ಕರೆಂಟು, ಸುಲಭ ಅಲ್ವಾ? ಮೊದಲ ಸುತ್ತಿನ ಕೊನೆಗೆ ಮಿಲೋಟಿಕ್ ತನ್ನ ಕೈಯಲ್ಲಿದ್ದ ಫ್ಲೇಮ್ ಆರ್ಬ್‌ನಿಂದ ತಾನೇ ಸುಟ್ಟುಕೊಂಡಿತು. ನಾನು ಜೋರಾಗಿ ನಕ್ಕೆ. ಮುಂದಿನ ಸಲ ಲಕ್ಸ್‌ರೇ ಕಚ್ಚಿದಾಗ ಅದರ ಎಚ್‌ಪಿ ಇಳಿಯಲೇ ಒಲ್ಲದು. ಮಾರ್ವೆಲ್ ಸ್ಕೇಲ್ ಅನ್ನುವ ಅದರ ಗುಣ! ಮೈಗೆ ಸುಟ್ಟಗಾಯವೋ ವಿಷವೋ ಇದ್ದರೆ, ಕಚ್ಚುವಂಥ ದೈಹಿಕ ಏಟುಗಳ ಎದುರು ಅದರ ರಕ್ಷಣೆ ಒಂದೂವರೆ ಪಟ್ಟಾಗುತ್ತದೆ. ಬೇಕೆಂದೇ ಸುಟ್ಟುಕೊಂಡಿತ್ತು. ಕಚ್ಚಿದಷ್ಟೂ ರಿಕವರ್ ಮಾಡಿಕೊಂಡು ಕೂತಿತು. ಸೋತೆ. ಸೋತರೆ ಐವರನ್ನೂ ಮೊದಲಿಂದ ಎದುರಿಸಬೇಕು.

ಎರಡನೇ ಸಲ ಮಿಲೋಟಿಕ್‌ಗೆ ದೈಹಿಕವಲ್ಲದ ‘ಸ್ಪೆಷಲ್’ ಏಟುಗಳನ್ನು ಇಟ್ಟುಕೊಂಡು ಹೋದೆ. ಹಿಮದ ದಾರಿಯಲ್ಲಿ ಸಿಕ್ಕಿದ್ದ ಐಸ್ ಬೀಮ್ ಏಟು ಕಲಿಸುವ ಟಿಎಮ್ ಒಂದು ಸಲ ಬಳಸಿದರೆ ಮುಗಿಯಿತು. ಇದೂ ಹಳೆಯ ಆಟದ ಉಳಿಕೆ. ಅಲ್ಲಿಯವರೆಗೆ ಜಿಪುಣನಂತೆ ಎತ್ತಿಟ್ಟಿದ್ದನ್ನು ಎಂಪೋಲಿಯನ್‌ಗೆ ಕಲಿಸಿದೆ. ಕೊನೆಗೆ ಸಿಂಥಿಯಾಳ ಬಳಿ ಉಳಿದದ್ದು ಲೆವೆಲ್ 66ರ ಡ್ರ್ಯಾಗನ್ ಗಾರ್ಚಾಂಪ್. ನನ್ನ ಸ್ಟಾರಾಪ್ಟರ್ ಅದನ್ನು ಅರ್ಧಕ್ಕೆ ಇಳಿಸಿ ಬಿತ್ತು. ನನ್ನ ಹತ್ತಿರ ಎಂಪೋಲಿಯನ್ ಒಂದೇ. ಗಾರ್ಚಾಂಪ್ ಅದಕ್ಕಿಂತ ಚುರುಕು, ಅದರ ಅರ್ಥ್‌ಕ್ವೇಕ್ ಎಂಪೋಲಿಯನ್‌ಗೆ ಯಮ. ಲೆಕ್ಕದ ಪ್ರಕಾರ ಮುಗಿದಿತ್ತು.

ಭೂಮಿ ನಡುಗಿತು. ಎಚ್‌ಪಿಯ ಹಸಿರು ಪಟ್ಟಿ ಕೆಂಪಾಗಿ ಸೊನ್ನೆಯತ್ತ ಓಡಿ, ಒಂದರಲ್ಲಿ ನಿಂತಿತು. ನಿನಗೆ ಬೇಸರವಾಗಬಾರದು ಅಂತ ಎಂಪೋಲಿಯನ್ ತಡೆದುಕೊಂಡಿತು ಅನ್ನುವ ಸಾಲು ಮೂಡಿತು. ಐಸ್ ಬೀಮ್ ಬಿಟ್ಟಿತು. ಗಾರ್ಚಾಂಪ್ ಹಿಮದ ಏಟು ತಗ್ಗಿಸುವ ಹಣ್ಣನ್ನು ತಿಂದೂ ಉಳಿಯಲಿಲ್ಲ.

ಗೆದ್ದೆ. ಇಡೀ ಆಟದಲ್ಲಿ ನಾನು ಬೈದುಕೊಂಡು ಬಂದ ಅದೇ ಪ್ರೀತಿಯ ಕಾಟದಿಂದ. ಹಾಲ್ ಆಫ್ ಫೇಮ್‌ನಲ್ಲಿ ಎಂಪೋಲಿಯನ್ ಪಕ್ಕ ನಿಂತಾಗ ಸ್ವಲ್ಪ ನಾಚಿಕೆಯೇ ಆಯಿತು. ಮಾರನೇ ದಿನ ಇನ್ನೊಂದು ಸಲ ಸಿಂಥಿಯಾಳನ್ನು ಎದುರಿಸಿದೆ, ಎಂಪೋಲಿಯನ್‌ನನ್ನು ಬಾಕ್ಸ್‌ನಲ್ಲಿ ಬಿಟ್ಟು. ಮೂರು ಸಲ ಸೋತಿದ್ದೇನೆ, ಇನ್ನೂ ಆಡುತ್ತಿದ್ದೇನೆ.